ಟೈಲರ್ ಮಾಮನ ಕತ್ತರಿ

ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವವರು ಯಾವ ಬೀದಿಯಲ್ಲಿಲ್ಲ ಹೇಳಿ? ಟೈಲರ್ ಮಾಮನೂ ಅಂಥವರೇ. ವಯಸ್ಸಾಯಿತು ಬಿಡು ಎಂದು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಒಂದು ದಿನ ಕೋಟಿನ ಎರಡು ತೋಳನ್ನೂ ಎಡಗೈಗೇ ಕತ್ತರಿಸಿಬಿಟ್ಟರು. ಗಿರಾಕಿ ತಂದಿದ್ದ ಬಟ್ಟೆಯಲ್ಲಿ ಒಂದು ಚೂರೂ ಮಿಕ್ಕಿರಲಿಲ್ಲ.

ಜೊತೆಯಲ್ಲೇ ಹೊಲಿಯುವ ಮಗಳು ಬೈಯಲಿಲ್ಲ. "ಅಪ್ಪ, ಇನ್ಮೇಲೆ ಕಟಿಂಗ್ ನಾನು ಮಾಡ್ತೀನಿ. ನೀವು ಗುಂಡಿ ಹಾಕಿದ್ರೆ ಸಾಕು" ಎಂದು ಕತ್ತರಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮಾಮನಿಗೆ ಇದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಸಂಜೆ ಅವರ ಅಕ್ಕ ಬಂದರು. ಬೀದಿಯವರು ಅವರಿಗಿಟ್ಟ ಹೆಸರು ಗಿರಗಿಟ್ಲೆ. ವರ್ಷಗಳಿಂದ ಬೆಳಿಗ್ಗೆ ಬಿರಬಿರನೆ ನಡೆಯುವ ಹೆಂಗಸು. ತಮ್ಮನಿಗಿಂತ ದೊಡ್ಡವರು, ಆದರೂ ನೆಂಟರಿಷ್ಟರ ಫೋನ್ ನಂಬರೆಲ್ಲ ಬಾಯಲ್ಲೇ ಇವೆ.

"ನಾಳೆಯಿಂದ ನನ್ನ ಜೊತೆ ನಡಿಯೋಕೆ ಬಾರೋ."

"ಮರೆವು ಇರೋದು ತಲೇಲಿ ಅಕ್ಕ. ಕಾಲು ಸವೆಸಿದ್ರೆ ತಲೆ ಸರಿಹೋಗುತ್ತಾ? ಅದೂ ಅಲ್ದೆ ಜೀವಮಾನವೆಲ್ಲ ಮಷಿನ್ ತುಳೀತಿದ್ದೀನಿ. ಅದಕ್ಕಿಂತ ವ್ಯಾಯಾಮ ಬೇಕಾ?"

"ಮಷಿನ್‌ಗೆ ಮೋಟಾರ್ ಹಾಕಿಸಿ ಎಷ್ಟು ವರ್ಷ ಆಯ್ತೋ?"

ಮಾಮ ಬಗ್ಗಿ ನೋಡಿದರು. ಪೆಡಲಿನ ಮೇಲೆ ಊಟದ ಡಬ್ಬಿ ಕೂತಿತ್ತು. ಮಗಳು ಮುಖ ಆಚೆ ತಿರುಗಿಸಿ ನಕ್ಕಳು.

"ಆಸ್ಪತ್ರೆ ನರ್ಸಮ್ಮ ನನಗೆ ಬಿಡಿಸಿ ಹೇಳಿದ್ದಾರೆ" ಎಂದರು ಅಕ್ಕ. "ಚುರುಕಾಗಿ ನಡೆದ್ರೆ ಮೆದುಳಿಗೆ ರಕ್ತ ಚೆನ್ನಾಗಿ ಹರಿಯುತ್ತಂತೆ. ನೆನಪಿಗೂ ಒಳ್ಳೇದು, ಗಮನಕ್ಕೂ ಒಳ್ಳೇದು. ಆದ್ರೆ ನಾಲ್ಕು ದಿನ ನಡೆದು ಕೈಬಿಟ್ರೆ ಪ್ರಯೋಜನ ಇಲ್ಲ, ವರ್ಷಗಟ್ಟಲೆ ಮಾಡ್ಬೇಕು. ಮೊದ್ಲು ಡಾಕ್ಟರಿಗೆ ತೋರಿಸೋಣ. ಮರೆವಿಗೆ ಬೇರೆ ಕಾರಣನೂ ಇರಬಹುದು."

"ಈ ವಯಸ್ಸಲ್ಲಿ ಶುರು ಮಾಡೋದಾ?"

"ನಾನು ಶುರು ಮಾಡಿದಾಗ ನನಗೂ ಇದೇ ವಯಸ್ಸು ಕಣೋ. ನೋಡಿ ನಕ್ಕವರಲ್ಲಿ ನೀನೇ ಮೊದಲನೆಯವನು!"

ಡಾಕ್ಟರು ಪರೀಕ್ಷೆ ಮಾಡಿ, ಬಿಪಿಗೆ ಮಾತ್ರೆ ಕೊಟ್ಟು, ನಿಧಾನವಾಗಿ ಶುರು ಮಾಡಿ ಎಂದರು. ಮೊದಲ ದಿನ ಬೀದಿಯ ತಿರುವು ಮುಟ್ಟುವಷ್ಟರಲ್ಲೇ ಮಾಮನಿಗೆ ಏದುಸಿರು. ಅಕ್ಕ ಮಾತಾಡುತ್ತಲೇ ಮುಂದೆ ಮುಂದೆ ಹೋಗುತ್ತಿದ್ದರು. ಎಂಥ ಗಟ್ಟಿಗಿತ್ತಿ ನಮ್ಮಕ್ಕ ಎಂದು ಮಾಮನಿಗೆ ಹೆಮ್ಮೆಯಾಯಿತು, ಇಷ್ಟು ವರ್ಷ ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಮಳೆ ಬಂದ ದಿನ ಅಕ್ಕ ಅವರನ್ನು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಿದರು. ಒಂದು ದಿನವೂ ಸುಮ್ಮನೆ ಬಿಡಲಿಲ್ಲ.

ವರ್ಷ ಕಳೆಯಿತು. ಮರೆವು ಮಂಗಮಾಯವಾಯಿತು ಎಂದರೆ ಸುಳ್ಳಾದೀತು. ಮಾಮ ಕನ್ನಡಕವನ್ನು ಈಗಲೂ ಹುಡುಕುತ್ತಾರೆ. ಆದರೆ ಕೆಲಸಕ್ಕೆ ನಿಂತರೆ ಗಮನ ಆಚೀಚೆ ಹೋಗುವುದಿಲ್ಲ. ಇದನ್ನೆಲ್ಲ ನೋಡುತ್ತಿದ್ದ ಮಗಳು ಒಂದು ಬೆಳಿಗ್ಗೆ ಕೋಟಿನ ಬಟ್ಟೆ ಹರಡಿ, ಕತ್ತರಿಯನ್ನು ಅಪ್ಪನ ಕಡೆಗೆ ಸರಿಸಿದಳು.

ಮಾಮ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇನ್ನೊಮ್ಮೆ ನೋಡಿ ಕತ್ತರಿಸಿದರು. ತೋಳುಗಳನ್ನು ಮೇಜಿನ ಮೇಲೆ ಜೋಡಿಸಿದರು. ಒಂದು ಎಡ, ಒಂದು ಬಲ. ಮಗಳ ಕಣ್ಣು ತುಂಬಿ ಬಂತು.

"ಅತ್ತೆ, ನಾಳೆಯಿಂದ ನಾನೂ ಬರ್ತೀನಿ" ಎಂದು ಬೆಳಗಿನ ನಡಿಗೆ ಮುಗಿಸಿ ಅಲ್ಲೇ ಕೂತಿದ್ದ ಅಪ್ಪನ ಅಕ್ಕನಿಗೆ ಹೇಳಿದಳು.

ಕೇಳಿದಿರಲ್ಲ, ನಿಮ್ಮ ಮನೆಯ ಹಿರಿಯರು ಏನಾದರೂ ಮರೆತರೆ ಡಾಕ್ಟರಿಗೆ ತೋರಿಸಿ. ಅವರ ಕೈಯಿಂದ ಕೆಲಸ ಕಿತ್ತುಕೊಳ್ಳಲು ಆತುರಪಡಬೇಡಿ. ಬೆಳಿಗ್ಗೆ ಅವರ ಚಪ್ಪಲಿಯನ್ನು ಬಾಗಿಲ ಬಳಿ ತಂದಿಡಿ, ಪಕ್ಕದಲ್ಲೇ ನಿಮ್ಮದನ್ನೂ ಇಡಿ.