ಬಾಗಿಲು ತೆರೆದರೆ ಹನ್ನೊಂದು

ಮೀಟರ್ ಎಂಟು ತೋರಿಸುತ್ತಿತ್ತು. ಪಕ್ಕದಲ್ಲಿ ಹಸಿರು ದೀಪವೂ ಉರಿಯುತ್ತಿತ್ತು. ನನ್ನ ಕೈಯಲ್ಲಿದ್ದ ದಾರ ಮಾತ್ರ ಕೋಣೆಯ ಒಳಕ್ಕೆ ಬಾಗುತ್ತಿತ್ತು.

ಹಾಗೆ ಬಾಗಬಾರದು. ಆಸ್ಪತ್ರೆಯ ಈ ಕೋಣೆಯಲ್ಲಿ ಮಲಗಿಸುವುದು ಮೈಯೊಳಗಿನ ರೋಗ ತಡೆಯುವ ಶಕ್ತಿ ಪೂರ್ತಿ ಇಳಿದುಹೋದವರನ್ನು. ಸೋಸಿದ ಗಾಳಿಯನ್ನು ಒಳಗೆ ತುಸು ಹೆಚ್ಚಾಗಿಯೇ ತುಂಬುತ್ತಾರೆ. ಅದು ಬಾಗಿಲ ಸಂದಿಯಿಂದ ಹೊರಕ್ಕೆ ಹೋಗುತ್ತಲೇ ಇರಬೇಕು, ಆಗ ಕಾರಿಡಾರಿನ ಕೆಮ್ಮು, ಧೂಳು ಒಳಕ್ಕೆ ಬರುವುದಿಲ್ಲ. ಒಳಗಿನ ಒತ್ತಡ ಕಾರಿಡಾರಿಗಿಂತ ಎಷ್ಟು ಹೆಚ್ಚಿದೆ ಎಂದು ಅಳೆಯುವ ಮೀಟರನ್ನು ಕೂರಿಸುವುದು ನನ್ನ ಮತ್ತು ನನ್ನ ಹೆಂಡತಿಯ ತಮ್ಮನ ಕೆಲಸ. ಎಂಟು ತಲುಪಿದರೆ ಹಸಿರು ದೀಪ, ಅದಕ್ಕಿಂತ ಇಳಿದರೆ ಕೆಂಪು. ಕೂರಿಸಿದ ಮೇಲೆ ಬಾಗಿಲ ಸಂದಿಗೆ ಒಂದೆಳೆ ದಾರ ಹಿಡಿದು ನೋಡುವುದು ನನ್ನ ಪದ್ಧತಿ. ಯಾರೂ ಹೇಳಿಕೊಟ್ಟದ್ದಲ್ಲ. ದಾರಕ್ಕೆ ಕರೆಂಟು ಬೇಡ, ಅದಕ್ಕೇ ನಂಬುತ್ತೇನೆ.

"ಭಾವ, ನಿಮ್ಮ ಕೈ ನಡುಗ್ತಿದೆ" ಎಂದ ಭಾವಮೈದುನ.

"ನನ್ನ ಕೈ ನಡುಗೋದು ನಿನ್ನ ಕೆನ್ನೆ ಹತ್ರ ಬಂದಾಗ ಮಾತ್ರ. ತಗೋ, ನೀನೇ ಹಿಡಿ."

ಹಿಡಿದ. ದಾರ ಅವನ ಮಾತನ್ನೂ ಕೇಳಲಿಲ್ಲ, ಒಳಕ್ಕೇ ವಾಲಿತು.

ಅಷ್ಟರಲ್ಲಿ ಹೆಡ್ ಸಿಸ್ಟರ್ ಬಂದರು. ಹಿಂದೆ ಒಬ್ಬ ತಾಯಿ, ಕಂಕುಳಲ್ಲಿ ಹೊಸ ಹೊದಿಕೆಯ ಗಂಟು. ಅವರ ಮಗಳು ಬಸ್ ಕಂಡಕ್ಟರ್ ಅಂತೆ. ರಕ್ತದ ಕಾಯಿಲೆ, ಚಿಕಿತ್ಸೆ ಮುಗಿದಿದೆ, ಆದರೆ ಈಗ ಒಂದು ಸಣ್ಣ ನೆಗಡಿಯೂ ಅವಳಿಗೆ ಯಮನೇ. ಸದ್ಯಕ್ಕೆ ಕೆಳಗಿನ ವಾರ್ಡಿನಲ್ಲಿ ಪರದೆಯ ಮರೆಯಲ್ಲಿ ಮಲಗಿದ್ದಾಳೆ.

"ಹಸಿರು ದೀಪ ಇದೆಯಲ್ಲ, ಕರ್ಕೊಂಡು ಬರ್ಲಾ?" ಸಿಸ್ಟರ್ ಕೇಳಿದರು.

"ಬೇಡ ಸಿಸ್ಟರ್."

"ಯಾಕ್ರೀ ಮೇಸ್ತ್ರಿ? ಮೀಟರ್ ಸರಿಯಾಗೇ ಇದೆ."

"ಮೀಟರ್ ಸರಿಯಾಗಿದೆ. ಗಾಳಿ ಸರಿಯಾಗಿಲ್ಲ."

ತಾಯಿ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದರು. "ನಮ್ಮ ಹುಡುಗಿ ಪಕ್ಕದ ಮಂಚದವನು ರಾತ್ರಿಯೆಲ್ಲಾ ಕೆಮ್ಮಿದಾನಪ್ಪ. ನಿಮ್ಮ ದಾರ ನೋಡ್ತಾ ಕೂತ್ರೆ ಅವಳ ಗತಿ?"

ನನಗೆ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆಕೆ ಹೇಳಿದ್ದರಲ್ಲಿ ಸುಳ್ಳೇನಿತ್ತು? "ಅಮ್ಮಾ, ಈಗ ಒಳಗೆ ಮಲಗಿಸಿದ್ರೆ ಇಡೀ ಕಾರಿಡಾರಿನ ಕೆಮ್ಮು ಅವಳ ಮೂಗಿಗೆ ಬರುತ್ತೆ. ಅಲ್ಲಿ ಒಬ್ಬನದು, ಇಲ್ಲಿ ಊರಿನದು. ಊಟದ ಹೊತ್ತಿನವರೆಗೂ ಬಿಡಿ ನನ್ನ."

ಆಕೆ ಎದುರಿಗಿದ್ದ ಬೆಂಚಿನ ಮೇಲೆ ಗಂಟನ್ನು ತೊಡೆಯಲ್ಲಿಟ್ಟುಕೊಂಡು ಕೂತರು. ನಮಗಾಗಿ ಕಾಯುವುದಕ್ಕಲ್ಲ, ನಮ್ಮ ಮೇಲೆ ಕಾವಲಿಗೆ.

ಮೀಟರಿಗೆ ಎರಡು ಸಣ್ಣ ಟ್ಯೂಬು. ಒಂದರ ತುದಿ ಕೋಣೆಯೊಳಗೆ, ಇನ್ನೊಂದರ ತುದಿ ಕಾರಿಡಾರಿನಲ್ಲಿ. ಎರಡರ ತುದಿಗೂ ಜರಡಿಯಂಥ ಸ್ಟೀಲ್ ಬಿಲ್ಲೆ ಹಾಕುತ್ತೇವೆ, ಬೀಸುಗಾಳಿ ನೇರ ಬಾಯಿಗೆ ಹೊಡೆಯದಿರಲಿ ಎಂದು. ಮೀಟರ್ ಎರಡು ಕಡೆಯ ಒತ್ತಡವನ್ನೂ ತೂಗಿ ವ್ಯತ್ಯಾಸ ಹೇಳುತ್ತದೆ, ತಕ್ಕಡಿ ಇದ್ದ ಹಾಗೆ. ತಟ್ಟೆ ಅದಲುಬದಲಾದರೆ ಲೆಕ್ಕ ತಲೆಕೆಳಗು.

"ಟ್ಯೂಬು ಉಲ್ಟಾ ಹಾಕಿದೀಯಾ?"

"ನಾನೇನು ಕುರುಡನಾ? ನೋಡಿ, ಕೆಂಪು ಒಳಗಿಂದು, ನೀಲಿ ಹೊರಗಿಂದು."

ಸರಿಯಾಗಿಯೇ ಇತ್ತು. ಟ್ಯೂಬು ಎಲ್ಲಾದರೂ ಮಡಿಚಿಕೊಂಡಿದೆಯೇ ಎಂದು ಊದಿ ನೋಡಿದೆ. ಇಲ್ಲ. ಮೀಟರನ್ನೇ ಬದಲಿಸಿದೆ. ಹೊಸದೂ ಎಂಟೇ ಎಂದಿತು. ಕೋಪ ಬಂದಾಗ ನಾನು ಕೈಗೆ ಸಿಕ್ಕಿದ್ದನ್ನು ಜೋರಾಗಿ ಹಾಕುವುದೋ ತೆಗೆಯುವುದೋ ಮಾಡುತ್ತೇನೆ. ಹತ್ತಿರವಿದ್ದದ್ದು ಬಾಗಿಲು. ಗೋಡೆಗೆ ಬಡಿಯುವ ಹಾಗೆ ತೆರೆದೆ.

"ಭಾವ, ಮೆಲ್ಲಗೆ! ಆಸ್ಪತ್ರೆ ಇದು" ಎಂದವನು ಅಷ್ಟಕ್ಕೇ ನಿಂತ. "ಭಾವ... ಇದನ್ನ ನೋಡಿ."

ಮೀಟರ್ ಹನ್ನೊಂದು ತೋರಿಸುತ್ತಿತ್ತು.

ನನ್ನ ಕೋಪವೆಲ್ಲ ಅಲ್ಲೇ ಇಳಿಯಿತು. ಬಾಗಿಲು ಪೂರ್ತಿ ತೆರೆದರೆ ಕೋಣೆಯೂ ಕಾರಿಡಾರೂ ಒಂದೇ. ವ್ಯತ್ಯಾಸ ಸೊನ್ನೆಗೆ ಬರಬೇಕು. ಇದು ಏರಿತ್ತು. ಮುಚ್ಚಿದೆ, ಎಂಟು. ತೆರೆದೆ, ಹನ್ನೊಂದು. ಮತ್ತೆ ಮುಚ್ಚಿದೆ, ಮತ್ತೆ ತೆರೆದೆ. ಮಗುವಿಗೆ ಗಿಲಕಿ ಸಿಕ್ಕ ಹಾಗಾಯಿತು ನನಗೆ. ಬೆಂಚಿನ ಮೇಲಿದ್ದ ತಾಯಿಯೂ ಎದ್ದು ಬಂದು ಇಣುಕಿದರು.

"ಏನಂತೆ ಅದಕ್ಕೆ?"

"ಅದು ಕಾರಿಡಾರನ್ನ ನೋಡ್ತಾನೇ ಇಲ್ಲಮ್ಮ. ಬೇರೆ ಎಲ್ಲೋ ನೋಡ್ತಿದೆ."

"ಎಲ್ಲಿ?"

ಒಳ್ಳೆಯ ಪ್ರಶ್ನೆ. ನಾನು ಭಾವಮೈದುನನ ಮುಖ ನೋಡಿದೆ. ಅವನು ಕಾರಿಡಾರಿನ ಸೀಲಿಂಗ್ ನೋಡಿದ. ಅಲ್ಲಿ ನೀಲಿ ಟ್ಯೂಬಿನ ಬಿಲ್ಲೆ ಕಾಣಬೇಕಿತ್ತು. ಬಿಳಿ ಹಲಗೆಗಳು ಒಂದಕ್ಕೊಂದು ಅಂಟಿಕೊಂಡು ನುಣ್ಣಗೆ ಕೂತಿದ್ದವು.

"ಬಿಲ್ಲೆ ಎಲ್ಲೋ?"

"ಮೇಲಿದೆ."

"ಎಲ್ಲಿ ಮೇಲೆ?"

"ಹಲಗೆ ಮೇಲೆ ಮಲಗ್ಸಿದೀನಿ. ತೂತು ಕೊರೆದ್ರೆ ಹಲಗೆ ಬಿರುಕು ಬಿಡುತ್ತೆ ಅಂತ ಸೀಲಿಂಗಿನವ್ರು ಕೂಗಾಡಿದ್ರು. ಹಲಗೆ ಮೇಲಿದ್ರೇನು, ಕೆಳಗಿದ್ರೇನು, ಅದೂ ಕಾರಿಡಾರೇ ತಾನೆ?"

"ಅಟ್ಟದ ಮೇಲೆ ಕೂತು ಅಡುಗೆಮನೆ ಸೆಖೆ ಎಷ್ಟು ಅಂತ ಹೇಳ್ತೀಯೇನೋ?"

ಏಣಿ ಹಾಕಿ ನಾನೇ ಹತ್ತಿದೆ. ಹಲಗೆ ಎತ್ತಿದ ತಕ್ಷಣ ಕೂದಲು ಮೇಲಕ್ಕೆ ಎದ್ದು ನಿಂತಿತು. ಬಳಸಿದ ಗಾಳಿಯನ್ನು ಹೊರಹಾಕುವ ಫ್ಯಾನು ಹಲಗೆಯ ಮೇಲಿನ ಆ ಟೊಳ್ಳಿನ ಮೂಲಕವೇ ಅದನ್ನು ಎಳೆದುಕೊಳ್ಳುತ್ತಿತ್ತು. ಕಾರಿಡಾರಿಗಿಂತ ಹನ್ನೊಂದರಷ್ಟು ಕಡಿಮೆ ಒತ್ತಡದ ಜಾಗ. ಬಿಲ್ಲೆ ಅಲ್ಲಿ ಹೆಬ್ಬಾವಿನ ಗಂಟಲಲ್ಲಿ ಮಲಗಿದ ಹಾಗೆ ಮಲಗಿತ್ತು. ಅದರೆದುರು ತೂಗಿದರೆ ಯಾವ ಬಡಕಲು ಕೋಣೆಯೂ ಪೈಲ್ವಾನನೇ.

ನಾನೇ ಹಲಗೆಗೆ ತೂತು ಕೊರೆದೆ. ಒಂದು ಚೂರೂ ಬಿರುಕು ಬಿಡಲಿಲ್ಲ. ಬಿಲ್ಲೆಯನ್ನು ಕಾರಿಡಾರಿಗೆ ಮುಖ ಮಾಡಿ ಬಿಗಿದು ಕೆಳಗಿಳಿದೆ. ಭಾವಮೈದುನ ಬಾಗಿಲು ಮುಚ್ಚಿದ. ಹಸಿರು ದೀಪ ಆರಿ ಕೆಂಪು ಹತ್ತಿತು. ಮೈನಸ್ ಮೂರು.

"ಅಯ್ಯೋ, ಇದ್ದದ್ದನ್ನೂ ಕೆಡಿಸಿದ್ರಾ?" ತಾಯಿಯ ದನಿ ಒಡೆಯಿತು.

"ಕೆಡಿಸಿಲ್ಲಮ್ಮ. ಮೊದಲಿಂದ್ಲೂ ಹೀಗೇ ಇತ್ತು, ಈಗ ಬಾಯಿ ಬಿಟ್ಟಿದೆ. ಮೀಟರ್ ಹೇಳಿದ ಹಾಗೆ ತೆರೆದು ಮುಚ್ಚೋ ಒಂದು ತಗಡು ಕೋಣೆಗೆ ಗಾಳಿ ತರೋ ಕೊಳವೆಯೊಳಗಿದೆ. ಎಂಟು ಇದೆ ಅಂತ ಇದು ಸುಳ್ಳು ಹೇಳ್ತಿತ್ತಲ್ಲ, ಅದನ್ನ ನಂಬಿ ತಗಡು ಅರ್ಧ ಬಾಗಿಲು ಹಾಕ್ಕೊಂಡು ನಿದ್ದೆ ಮಾಡ್ತಿತ್ತು. ತಡೀರಿ, ಏಳುತ್ತೆ."

ಏಳುತ್ತದೆಯೋ ಇಲ್ಲವೋ ನನಗೂ ಖಾತ್ರಿ ಇರಲಿಲ್ಲ. ಮೂವರೂ ಮೀಟರಿನ ಮುಂದೆ ನಿಂತೆವು. ಗೋಡೆಯ ಹಿಂದೆ ಎಲ್ಲೋ ಮೋಟಾರು ಗುಂಯ್ ಎಂದಿತು. ಮೈನಸ್ ಎರಡು. ಸೊನ್ನೆ. ಅಲ್ಲೇ ನಿಂತಿತು. ತಾಯಿ ಉಸಿರು ಬಿಗಿಹಿಡಿದಿದ್ದರು, ತಾವು ಉಸಿರು ಬಿಟ್ಟರೆ ಲೆಕ್ಕ ಕೆಡುತ್ತದೆ ಎನ್ನುವ ಹಾಗೆ. ಆಮೇಲೆ ಒಂದು, ಮೂರು, ಆರು. ಎಂಟಕ್ಕೆ ಹಸಿರು ಹತ್ತಿತು. ನಾನು ಬಾಗಿಲು ತೆರೆದೆ: ಸೊನ್ನೆ. ಮುಚ್ಚಿ ಕಾದೆ: ಎಂಟು.

ಹೆಡ್ ಸಿಸ್ಟರನ್ನು ಕೂಗಿ, "ಈಗ ಕರ್ಕೊಂಡು ಬನ್ನಿ" ಎಂದೆ.

ಗಾಲಿಕುರ್ಚಿಯಲ್ಲಿ ಮಗಳು ಬಂದಳು. ಬೋಳುತಲೆಗೆ ಟೋಪಿ, ಮುಖಕ್ಕೆ ಮಾಸ್ಕು, ಕಣ್ಣು ಮಾತ್ರ ಕಂಡಕ್ಟರ್ ಕಣ್ಣೇ, ಎಲ್ಲರನ್ನೂ ಎಣಿಸುವಂಥದ್ದು.

"ಏನಣ್ಣ ಇದು, ಎಂಟು ಸೀಟಾ?"

"ಒಂದೇ ಸೀಟು, ನಿಂದು. ಬೇರೆ ಯಾರನ್ನೂ ಹತ್ತಿಸ್ಕೊಳ್ಳಲ್ಲ, ಒಳಗಿನ ಗಾಳಿ ಹೊರಕ್ಕೆ ತಳ್ಳುತ್ತೆ."

"ಒಳ್ಳೇ ಕೆಲ್ಸ. ನನ್ನ ಬಸ್ಸಲ್ಲಿ ಇದೊಂದಿದ್ದಿದ್ರೆ ಗಂಟಲು ಉಳೀತಿತ್ತು." ಮೀಟರನ್ನು ಇನ್ನೊಮ್ಮೆ ನೋಡಿದಳು. "ಸುಳ್ಳು ಹೇಳಲ್ವಾ ಇದು?"

ತಾಯಿ ನನ್ನತ್ತ ತಿರುಗಿದರು.

"ಬೆಳಿಗ್ಗೆ ಹೇಳ್ತಿತ್ತು. ಈಗ ಹೇಳ್ತಿಲ್ಲ" ಎಂದೆ.

ಅವಳು ಮಾಸ್ಕಿನೊಳಗೇ ನಕ್ಕಳು. ಕುರ್ಚಿ ಒಳಗೆ ಹೋಯಿತು, ಹಿಂದೆಯೇ ಹೊದಿಕೆಯ ಗಂಟೂ ಹೋಯಿತು, ಬಾಗಿಲು ಮುಚ್ಚಿಕೊಂಡಿತು.

ಕಾರಿಡಾರಿನ ಉದ್ದಕ್ಕೂ ಇನ್ನೂ ಯಾರೂ ಬಂದಿರದ ಕೋಣೆಗಳು. ನಾವೇ ಕೂರಿಸಿದ ಮೀಟರುಗಳು, ಒಂದೊಂದು ಬಾಗಿಲ ಪಕ್ಕದಲ್ಲೂ ಹಸಿರು ದೀಪ. ಸೀಲಿಂಗ್ ಮಾತ್ರ ಕೊನೆಯವರೆಗೂ ನುಣ್ಣಗಿತ್ತು, ಒಂದು ಬಿಲ್ಲೆಯೂ ಕಾಣಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಭಾವಮೈದುನ ಏಣಿಯನ್ನು ಹೆಗಲಿಗೇರಿಸಿದ.

"ಬೈಯೋದನ್ನ ನಡೀತಾ ಬೈರಿ ಭಾವ" ಎಂದ. "ಪಕ್ಕದ್ದರಿಂದ ಶುರು ಮಾಡೋಣ."