ಕಳ್ಳ ಸ್ವಿಚ್ಚು

ತಿಮ್ಮಯ್ಯನ ಟೂ ಸ್ಟ್ರೋಕ್ ಬೈಕಿಗೆ ಬೀಗ ಅನ್ನುವುದು ಹೆಸರಿಗಷ್ಟೇ ಇತ್ತು. ಸವೆದು ಸವೆದು, ಯಾವ ಮೊಳೆ ತೂರಿಸಿದರೂ ತಿರುಗುತ್ತಿತ್ತು. ಇದು ತಮ್ಮ ಪ್ರವೀಣನಿಗೆ ಗೊತ್ತಾದದ್ದೇ ತಡ, ಅಣ್ಣ ತೋಟಕ್ಕಿಳಿದನೆಂದರೆ ಬೈಕು ಸಕಲೇಶಪುರದ ಟಾಕೀಸಿನ ಮುಂದೆ. ವಾಪಸ್ ಬರುವಾಗ ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆ ಮಾತ್ರ. ಕೇಳಿದರೆ, "ಬಿಸಿಲಿಗೆ ಆವಿಯಾಗೋಗಿರ್ಬೇಕು ಕಣಣ್ಣ" ಅನ್ನುವಷ್ಟು ಕೊಬ್ಬು ಅವನಿಗೆ.

ಆ ಸೀಮೆಯಲ್ಲಿ ಇದಕ್ಕೊಂದು ಮದ್ದಿತ್ತು, ಕಳ್ಳ ಸ್ವಿಚ್ಚು. ಆನೇಮಹಲ್‌ನ ಮೆಕ್ಯಾನಿಕ್ ನಂಜುಂಡ, ಪ್ಲಗ್ಗಿಗೆ ಕರೆಂಟು ಕೊಡುವ ಮ್ಯಾಗ್ನೆಟ್ಟಿನಿಂದ ಒಂದು ವೈರು ಎಳೆದು, ಸೀಟಿನಡಿ ಕೈಯಾಡಿಸಿದರಷ್ಟೇ ಸಿಗುವಂತೆ ಪುಟ್ಟದೊಂದು ಸ್ವಿಚ್ಚು ಕೂರಿಸಿಕೊಟ್ಟ.

"ಇದ್ನ ಕೆಳಕ್ಕೆ ಒತ್ಬುಟ್ರೆ ಕರೆಂಟೆಲ್ಲ ಗಾಡಿ ಮೈಗೆ ಇಳಿದೋಯ್ತದೆ. ಪ್ಲಗ್ಗಿಗೆ ಒಂದು ಕಿಡೀನೂ ಬರಕಿಲ್ಲ. ಮನೇಲಿ ಒಬ್ರಿಗಾದ್ರೂ ಹೇಳಿರಿ ಗೌಡ್ರೇ," ಅಂದ ನಂಜುಂಡ.

"ಹೇಳೋ ಹಂಗಿದ್ರೆ ಯಾಕೆ ಹಾಕಿಸ್ತಿದ್ದೆ ಮಾರಾಯ?" ಎಂದು ತಿಮ್ಮಯ್ಯ ನಕ್ಕ.

ಹೆಂಡತಿ ಪಂಕಜಾಕ್ಷಿಗೂ ಹೇಳಲಿಲ್ಲ. ಅವಳಿಗೆ ಮೈದುನ ಅಂದರೆ ಪ್ರಾಣ, ಬಾಯಿಬಿಟ್ಟಾಳು ಎಂಬ ಅನುಮಾನ. ಏನು ಮನುಷ್ಯನೋ! ಮನೆಯವರೆಲ್ಲ ಕಳ್ಳರಂತೆ, ಇವನೊಬ್ಬನೇ ಸಾಚಾ ಅಂತೆ. ಸಂಜೆ ಬೈಕನ್ನು ಮನೆ ಪಕ್ಕದ ಕಾಫಿ ಸ್ಟೋರಿನ ಮುಂದೆ ನಿಲ್ಲಿಸಿ, ಸೀಟಿನಡಿ ಸ್ವಿಚ್ಚು ಒತ್ತಿ, ಗೆದ್ದವನ ಹಾಗೆ ಉಂಡು ಮಲಗಿದ.

ಮರುದಿನ ಪಂಕಜಾಕ್ಷಿ ತವರಿಗೆಂದು ಕುಂದೂರಿಗೆ ಹೊರಟಳು. ಸಂತೆಯ ದಿನವಾದ್ದರಿಂದ ಆಳುಗಳೂ ಇಲ್ಲ. ತೋಟದ ನೆರಳು ತೆಗೆಯುವ ಮರಗಸಿ ಅರ್ಧಕ್ಕೆ ನಿಂತಿತ್ತು. ತಿಮ್ಮಯ್ಯ ತಾನೇ ಕತ್ತಿ ಸಿಕ್ಕಿಸಿಕೊಂಡು ಅತ್ತಿಮರ ಹತ್ತಿದ. ಎಲೆ ಮರೆಯಲ್ಲಿದ್ದ ಹೆಜ್ಜೇನು ಅವನಿಗೆ ಕಾಣಲಿಲ್ಲ. ಕೊಂಬೆಗೆ ಏಟು ಬಿದ್ದದ್ದೇ, ಹಿಂಡಿಗೆ ಹಿಂಡೇ ಎದ್ದು ಮುಖಕ್ಕೆ ಮುತ್ತಿಕೊಂಡಿತು.

ಕೂಗು ಕೇಳಿ ಪ್ರವೀಣ ಗೋಣಿಚೀಲ ಹೊದ್ದು ಓಡಿ ಬಂದ. ಮರದ ಬುಡದಲ್ಲಿ ಬಿದ್ದಿದ್ದ ಅಣ್ಣನನ್ನು ಬೆನ್ನ ಮೇಲೆ ಹೊತ್ತು ತಂದು ಸ್ಟೋರಿನ ಗೋಡೆಗೆ ಒರಗಿಸಿದ. ಅಷ್ಟರಲ್ಲೇ ತಿಮ್ಮಯ್ಯನ ತುಟಿ ಬಾತುಕೊಂಡಿತ್ತು. ನಾಲಿಗೆ ದಪ್ಪಗಾಗಿ ಬಾಯಿ ತುಂಬಿಕೊಂಡಿತ್ತು. ಗಂಟಲು ಸಣ್ಣಗಾಗುತ್ತಾ ಬರುತ್ತಿರುವುದು ಅವನಿಗೇ ಗೊತ್ತಾಗುತ್ತಿತ್ತು.

"ಏನೂ ಆಗಕಿಲ್ಲ ಕಣಣ್ಣ, ಈಗ ಆಸ್ಪತ್ರೆಗೆ ಹೋಗ್ಬುಡಾನ," ಎನ್ನುತ್ತಾ ಪ್ರವೀಣ ಬೈಕಿಗೆ ಹಾರಿ ಕಿಕ್ ಹೊಡೆದ.

ಬೈಕು ಮಿಸುಕಲಿಲ್ಲ.

ಅಯ್ಯೋ, ಸ್ವಿಚ್ಚು! ತಿಮ್ಮಯ್ಯನಿಗೆ ನೆನಪಾಯಿತು. ಹೇಳಲು ಬಾಯಿ ತೆರೆದರೆ ಗೊರಗೊರ ಸದ್ದು ಬಿಟ್ಟು ಇನ್ನೇನೂ ಬರಲಿಲ್ಲ. ಕೈಯೆತ್ತಿ ಸೀಟಿನ ಕಡೆ ತೋರಿಸಿದ.

"ಕೂರಿಸ್ತೀನಿ ತಡಿಯಣ್ಣ, ಮೊದ್ಲು ಸ್ಟಾರ್ಟ್ ಆಗ್ಲಿ," ಅಂದ ಪ್ರವೀಣ.

ಪೆಟ್ರೋಲು ನೋಡಿದ, ಬರುತ್ತಿತ್ತು. ಪ್ಲಗ್ಗು ಬಿಚ್ಚಿದ, ಮಸಿ ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಎಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದ. ಕಿಡಿ ಇಲ್ಲ. ಪ್ಲಗ್ಗಿನ ವೈರಿನ ತುದಿ ಕತ್ತರಿಸಿ ಮತ್ತೆ ನೋಡಿದ. ಇಲ್ಲ. ನಂಜುಂಡನ ಅಂಗಡಿಯಲ್ಲಿ ಕೂತು ನೋಡಿ ಕಲಿತದ್ದೆಲ್ಲವನ್ನೂ ಹುಡುಗ ಒಂದೂ ತಪ್ಪದೆ ಮಾಡುತ್ತಿದ್ದ. ಆದರೆ ನಿನ್ನೆ ತಾನೆ ಹಾಕಿದ ಸ್ವಿಚ್ಚು ಅವನಿಗೆ ಹೇಗೆ ಹೊಳೆಯಬೇಕು?

ತಿಮ್ಮಯ್ಯ ಮತ್ತೆ ಕೈ ತೋರಿಸಿದ. ಪ್ರವೀಣ ಓಡಿಹೋಗಿ ನೀರು ತಂದು ಬಾಯಿಗಿಟ್ಟ. ನೀರು ಒಳಗಿಳಿಯದೆ ಎದೆಯ ಮೇಲೆ ಹರಿಯಿತು.

"ಕರೆಂಟೇ ಇಲ್ಲ ಕಣಣ್ಣ, ಕರೆಂಟೇ ಇಲ್ಲ!" ಪ್ರವೀಣ ಅಳುತ್ತಲೇ ಮ್ಯಾಗ್ನೆಟ್ಟಿನ ಮುಚ್ಚಳ ಬಿಚ್ಚತೊಡಗಿದ.

ತಿಮ್ಮಯ್ಯನ ಕಣ್ಣುಗಳು ಊದಿ ಮುಚ್ಚಿಹೋಗುತ್ತಿದ್ದವು. ಇನ್ನು ಕೂತರೆ ಕೆಟ್ಟೆ ಅಂದುಕೊಂಡವನೇ ನೆಲಕ್ಕೆ ಉರುಳಿ, ಬೈಕಿನ ಕಡೆಗೆ ತೆವಳಿದ. ತಮ್ಮ ಆ ಬದಿಯಲ್ಲಿ ಬಗ್ಗಿ, ಮ್ಯಾಗ್ನೆಟ್ಟಿನೊಳಗೆ ಕಿಡಿ ಹುಟ್ಟಿಸುವ ಪಾಯಿಂಟ್ ಉಜ್ಜುತ್ತಿದ್ದ. ಇವನು ಈ ಬದಿಯಲ್ಲಿ ತಡಕಾಡಿದ. ಚಕ್ರ ಸಿಕ್ಕಿತು, ಮಡ್‌ಗಾರ್ಡು ಸಿಕ್ಕಿತು, ಸೀಟಿನಡಿಯ ಧೂಳು ಸಿಕ್ಕಿತು. ಕೊನೆಗೆ ಬೆರಳಿಗೆ ಸ್ವಿಚ್ಚು ಸಿಕ್ಕಿತು. ಉಳಿದ ಶಕ್ತಿಯನ್ನೆಲ್ಲ ಹಾಕಿ ಮೇಲಕ್ಕೆ ತಳ್ಳಿ, ಅಲ್ಲೇ ಬಿದ್ದ.

ಪ್ರವೀಣ ಕಿಕ್ ಹೊಡೆದ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟ್ಟೆಂದಿತು.

"ಬಂತು ಕಣಣ್ಣ! ಪಾಯಿಂಟ್ ಕಣಣ್ಣ, ಪಾಯಿಂಟ್ ಕೂತೋಗಿತ್ತು!"

ಪ್ಲಗ್ಗು ಹಾಕಿ ಸ್ಟಾರ್ಟ್ ಮಾಡಿ, ಅಣ್ಣನನ್ನು ಎತ್ತಿ ಕೂರಿಸಿ, ಟವೆಲ್ಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು, ಪ್ರವೀಣ ಬೈಕನ್ನು ಮಣ್ಣುರಸ್ತೆಗೆ ಬಿಟ್ಟ. ಮಾರನಹಳ್ಳಿಯಲ್ಲಿ ಹೆದ್ದಾರಿ ಹಿಡಿದರೂ ಅವನ ಬಾಯಿ ನಿಲ್ಲಲಿಲ್ಲ.

"ತಪ್ಪು ನಂದೇ ಕಣಣ್ಣ. ನಿಂಗೆ ಹೇಳ್ದೆ ಕೇಳ್ದೆ ಓಡ್ಸಿ ಓಡ್ಸಿ ನಾನೇ ಪಾಯಿಂಟ್ ಸವೆಸ್ಬುಟ್ಟೆ. ಮೊದ್ಲೇ ನೋಡ್ಬೇಕಿತ್ತು, ಪ್ಲಗ್ ಉಜ್ಕಂಡು ಕೂತ್ಬುಟ್ಟೆ. ಇನ್ನು ಗಾಡಿ ಮುಟ್ಟಕಿಲ್ಲ ಕಣಣ್ಣ, ಆಣೆಗೂ ಮುಟ್ಟಕಿಲ್ಲ."

ನೀನಲ್ಲ ಕಣೋ, ನಾನು. ಇಷ್ಟು ಹೇಳಿದರೆ ಸಾಕಿತ್ತು ತಿಮ್ಮಯ್ಯನಿಗೆ. ನಾಲಿಗೆ ಏಳಲಿಲ್ಲ. ತಮ್ಮನ ಬೆನ್ನು ತಟ್ಟೋಣವೆಂದು ಕೈ ಎತ್ತಿದ. ಅದು ಅರ್ಧಕ್ಕೆ ಬಂದು ಜೋತುಬಿತ್ತು. ತಲೆ ಮೆಲ್ಲಗೆ ಪ್ರವೀಣನ ಹೆಗಲಿಗೆ ಒರಗಿತು, ಗಂಟಲಿನ ಗೊರಗೊರ ಸದ್ದೂ ನಿಂತಿತು.

ಆಸ್ಪತ್ರೆಯ ಬಾಗಿಲವರೆಗೂ ಪ್ರವೀಣ ಅದನ್ನೇ ಹೇಳುತ್ತಿದ್ದ, ಅಣ್ಣ ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡು.