ಕಾದ ತಂತಿ

ಮೂರನೆಯ ತಟ್ಟೆಯೂ ಖಾಲಿ. ಇನ್‌ಕ್ಯುಬೇಟರಿನಿಂದ ತೆಗೆದ ಗಾಜಿನ ತಟ್ಟೆಯನ್ನು ಅವಳು ಬೆಳಕಿಗೆ ಹಿಡಿದಳು, ಓರೆಮಾಡಿದಳು. ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ಮೇಡಂ ಕೊಟ್ಟ ಟ್ಯೂಬಿನಲ್ಲಿದ್ದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ಶುಕ್ರವಾರದೊಳಗೆ ಅದರ ಹೆಸರು ಹೇಳಬೇಕು. ಇಲ್ಲದಿದ್ದರೆ ಮೈಕ್ರೋಬಯಾಲಜಿಯ ಕೊನೆಯ ವರ್ಷವನ್ನು ಮತ್ತೆ ಓದಬೇಕು.

"ತೊಳೀದೆ ಬಿಟ್ಟ ಪಾತ್ರೇಲಿ ತಾನಾಗೇ ಬೆಳೆಯುತ್ತಲ್ಲೇ. ಅಷ್ಟು ದೊಡ್ಡ ಕಾಲೇಜಲ್ಲಿ ಬೆಳೆಯಲ್ವಾ?" ಎಂದು ಬೆಳಿಗ್ಗೆ ಅಮ್ಮ ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದಳು.

ತಪ್ಪೆಲ್ಲ ಪ್ರಯೋಗದ ಜೊತೆಗಾರನದೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ತರಗತಿಯೆಲ್ಲ ಅವನನ್ನು ಆಮೆ ಎಂದು ಕರೆಯುತ್ತಿತ್ತು. ಮುಚ್ಚಳ ತೆಗೆಯಲೂ ಮುಹೂರ್ತ ನೋಡುವ ಆಸಾಮಿ. ಬ್ಯಾಕ್ಟೀರಿಯಾ ಎತ್ತುವ ತಂತಿಯನ್ನು, ಬೇರೆ ಕ್ರಿಮಿ ಅಂಟಿರದಂತೆ, ಬರ್ನರಿನಲ್ಲಿ ಕೆಂಪಗೆ ಕಾಯಿಸಿ, ಗಾಳಿಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಿದ್ದ. ಅವಳ ಪಿತ್ತ ನೆತ್ತಿಗೇರುತ್ತಿತ್ತು. "ಕೊಡಿಲ್ಲಿ," ಎಂದು ಕಿತ್ತುಕೊಂಡು, ಟ್ಯೂಬಿನೊಳಗಿನ ಬ್ಯಾಕ್ಟೀರಿಯಾದ ಬಿಳಿ ಪದರಕ್ಕೆ ಒತ್ತಿ, ತಟ್ಟೆಯ ಮೇಲೆ ಎಳೆದುಬಿಡುತ್ತಿದ್ದಳು. ಅವನು "ಅದು... ಇನ್ನೂ..." ಎಂದು ಶುರುಮಾಡಿದರೆ, "ನೀನು ಬಾಯಿ ಮುಚ್ಕೊಂಡಿದ್ರೆ ಅದೇ ದೊಡ್ಡ ಉಪಕಾರ," ಎನ್ನುತ್ತಿದ್ದಳು.

ನಾಲ್ಕನೆಯ ತಟ್ಟೆಗೆ ಮೇಡಂ ಎದುರಿಗೇ ಬಂದು ನಿಂತರು. ಅವಳು ತಂತಿ ಕಾಯಿಸಿ ಟ್ಯೂಬಿನೊಳಗೆ ಒತ್ತಿದಳು. ಚುರ್ ಎಂದು ಸದ್ದಾಯಿತು.

"ಏನಮ್ಮಾ, ಪಾಪ ಅವನ್ನ ಬೆಳೆಸ್ತಿದೀಯೋ, ಹುರೀತಿದೀಯೋ? ತಂತಿ ತಣ್ಣಗಾಗೋಕೆ ಬಿಡ್ಬೇಕು ಅಂತ ಮೊದಲನೇ ವರ್ಷದವರಿಗೂ ಗೊತ್ತು." ಮೇಡಂ ಆಮೆಯ ಕಡೆ ತಿರುಗಿದರು. "ನೀನು ಪಕ್ಕದಲ್ಲೇ ಇದ್ಯಲ್ಲ. ನಿನಗೆ ಹೇಳೋಕಾಗ್ಲಿಲ್ವಾ?"

"ಪ್ರತಿ ಸಲ ಶುರು ಮಾಡ್ದೆ ಮೇಡಂ. ಮುಗಿಸೋಕೆ ಇವಳು ಬಿಡ್ಲಿಲ್ಲ."

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಇಷ್ಟು ದಿನ ಊರಿನ ಮೇಲೆಲ್ಲ ಹರಿದಾಡಿದ ಸಿಟ್ಟು ಮೊದಲ ಸಲ ತನ್ನ ಮೇಲೆಯೇ ಬಂತು.

ಶುಕ್ರವಾರದೊಳಗೆ ಇನ್ನೊಂದೇ ತಟ್ಟೆಗೆ ಸಮಯವಿತ್ತು. ತಂತಿಯನ್ನು ಅವನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

"ನೀನೇ ಮಾಡು," ಎಂದ. "ನಾಳೆ ನೀನು ಕೆಲಸಕ್ಕೆ ಸೇರೋ ಆಸ್ಪತ್ರೆ ಲ್ಯಾಬಲ್ಲಿ ರೋಗಿಯ ಸ್ಯಾಂಪಲ್ ಬಂದಾಗ ನಾನು ಪಕ್ಕದಲ್ಲಿರಲ್ಲ. ನೀನು ಹೀಗೇ ಹುರಿದುಬಿಟ್ಟು, ಏನೂ ಬೆಳೀಲಿಲ್ಲ, ಸೋಂಕಿಲ್ಲ ಅಂತ ರಿಪೋರ್ಟ್ ಬರೀತೀಯ. ಅವರು ಅದನ್ನ ನಂಬ್ಕೊಂಡು ಮನೆಗೆ ಹೋಗ್ತಾರೆ."

ಇಷ್ಟು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಅವಳು ಪೂರ್ತಿ ಕೇಳಿದಳು.

ಆಮೇಲೆ ತಂತಿ ಕಾಯಿಸಿದಳು. ಕೆಂಪು ಆರಿ ತುದಿ ಕಪ್ಪಾಯಿತು. ಕೈ ಟ್ಯೂಬಿನತ್ತ ಹೊರಟಿತು.

"ಇನ್ನೂ ಇಲ್ಲ," ಎಂದ ಆಮೆ.

ಅವಳು ಕೈ ಹಿಂದಕ್ಕೆಳೆದು ಸುಮ್ಮನೆ ನಿಂತಳು.